ಕೊರಿಯಾ ಅಡ್ರೆಸ್ ಓದೋದು, ಬರೆಯೋದು, ಸರಿಯಾದ ಪೋಸ್ಟಲ್ ಕೋಡ್ ಹುಡುಕೋದು ಹೇಗೆ

ದಕ್ಷಿಣ ಕೊರಿಯಾಗೆ ಓದೋಕೆ ಅಥವಾ ಕೆಲಸಕ್ಕೆ ಹೋದ ನಮ್ಮೋರಿಗೆ ಮೊದಲ ವಾರದಲ್ಲೇ ಎದುರಾಗೋ ತಲೆನೋವು ಅಂದ್ರೆ ಅಡ್ರೆಸ್. ಬ್ಯಾಂಕ್ ಅಕೌಂಟ್, ಸಿಮ್, ರೆಸಿಡೆನ್ಸ್ ಕಾರ್ಡ್, ಆನ್‌ಲೈನ್ ಆರ್ಡರ್ ಎಲ್ಲದಕ್ಕೂ ಅಡ್ರೆಸ್ ಕೇಳ್ತಾರೆ, ಇತ್ತ ಊರಲ್ಲಿ ಅಮ್ಮ ಚಟ್ನಿಪುಡಿ ಹುಳಿಪುಡಿ ಎಲ್ಲಾ ಕಟ್ಟಿಟ್ಕೊಂಡು "ಅಡ್ರೆಸ್ ಕಳ್ಸೋ, ಇವತ್ತೇ ಪೋಸ್ಟ್ ಆಫೀಸಿಗೆ ಹೋಗ್ತೀನಿ" ಅಂತ ಫೋನ್ ಮಾಡ್ತಿರ್ತಾರೆ. ಆಗ ಮನೆ ಓನರ್ ಕೊಟ್ಟ ಚೀಟಿ ನೋಡಿದ್ರೆ ಎಲ್ಲಾ ಹಂಗುಲ್ ಅಂದ್ರೆ ಕೊರಿಯನ್ ಲಿಪಿಯ ಅಕ್ಷರ, ಯಾವುದು ಊರು ಯಾವುದು ಬೀದಿ ಅಂತ ಗೊತ್ತಾಗಲ್ಲ.

ಮುಖ್ಯವಾದ ಮಾತು ಮೊದಲೇ ಹೇಳ್ಬಿಡ್ತೀನಿ. ನಮ್ಮಲ್ಲಿ ಪಿನ್‌ಕೋಡ್ ಸರಿ ಇದ್ದು, "ಗಣೇಶನ ದೇವಸ್ಥಾನದ ಹಿಂದೆ, ಹಾಲಿನ ಬೂತ್ ಎದುರು" ಅಂತ ಬರೆದ್ರೆ ಪೋಸ್ಟ್‌ಮ್ಯಾನ್ ಹೇಗೋ ತಂದುಕೊಡ್ತಾನೆ. ಅಲ್ಲಿ ಆ ಥರ ಗುರುತು ಬರೆಯೋ ರೂಢಿಯೇ ಇಲ್ಲ, ಬರೆದ್ರೂ ಯಾರೂ ಓದಲ್ಲ. ರೋಡ್ ಹೆಸರು, ಬಿಲ್ಡಿಂಗ್ ನಂಬರ್, ನಿಮ್ಮ ರೂಮ್ ನಂಬರ್ ಈ ಮೂರು ಅಡ್ರೆಸ್ಸಿನ ಜೀವಾಳ. ಈ ಮೂರು ಸರಿ ಇದ್ರೆ ಕೋಡ್ ಹುಡುಕೋದು ಒಂದು ನಿಮಿಷದ ಕೆಲಸ, ಈ ಮೂರರಲ್ಲಿ ಒಂದು ತಪ್ಪಿದ್ರೂ ಕೋಡ್ ಎಷ್ಟೇ ಸರಿ ಇದ್ರೂ ಪಾರ್ಸೆಲ್ ಬಿಲ್ಡಿಂಗ್ ಬಾಗಿಲಲ್ಲೇ ನಿಂತ್ಬಿಡತ್ತೆ.

ಮೊದಲು: ದೊಡ್ಡದರಿಂದ ಚಿಕ್ಕದಕ್ಕೆ ಓದಿ

ಕೊರಿಯನ್ನಲ್ಲಿ ಅಡ್ರೆಸ್ ಬರೆಯೋದು ನಮಗಿಂತ ಉಲ್ಟಾ. ಮೊದಲು ಪ್ರಾಂತ್ಯ ಅಥವಾ ಮಹಾನಗರ, ಆಮೇಲೆ ಅದರೊಳಗಿನ ಸಿಟಿ ಅಥವಾ ಜಿಲ್ಲೆ, ಆಮೇಲೆ ರೋಡು, ಬಿಲ್ಡಿಂಗ್ ನಂಬರ್, ಕೊನೆಗೆ ಮನೆ ನಂಬರ್. ಉದಾಹರಣೆಗೆ ಸಿಯೋಲ್ ಸಿಟಿ ಹಾಲ್ ತಗೊಳ್ಳಿ, ಅಲ್ಲಿನವರು ಬರೆಯೋದು "ಸಿಯೋಲ್, ಜುಂಗ್-ಗು, ಸೇಜೋಂಗ್-ಡೇರೋ 110" ಅಂತ, ಕೋಡ್ 04524. ಅದನ್ನೇ ಇಂಗ್ಲಿಷಲ್ಲಿ ಬರೆಯೋವಾಗ ತಿರುಗಿಸಬೇಕು, "110, ಸೇಜೋಂಗ್-ಡೇರೋ, ಜುಂಗ್-ಗು, ಸಿಯೋಲ್, 04524" ಅಂತ. ಅರ್ಧ ಹಂಗೆ ಅರ್ಧ ಹಿಂಗೆ ಮಾತ್ರ ಮಾಡ್ಬೇಡಿ, ತುಂಬಾ ಜನ ಊರನ್ನ ಮುಂದೆ ಹಾಕಿ ರೋಡನ್ನ ಕೊನೆಗೆ ಹಾಕಿ ನಂಬರನ್ನ ಮಧ್ಯದಲ್ಲೆಲ್ಲೋ ಸಿಗಿಸಿ ಕಳಿಸ್ತಾರೆ, ಆಗ 110 ಅನ್ನೋದು ಬಿಲ್ಡಿಂಗೋ ರೂಮೋ ಅಂತ ಓದೋನಿಗೆ ಗೊತ್ತಾಗಲ್ಲ.

ಈಗ ಆ ಬಾಲಗಳ ವಿಷಯ, ಅಂದ್ರೆ ಹೆಸರಿನ ಕೊನೆಗೆ ಬರೋ ಡೋ, ಸಿ, ಗು, ಗುನ್ ಇತ್ಯಾದಿ. ಇದು ಕಲಿತ್ರೆ ಅರ್ಧ ಕೆಲಸ ಮುಗೀತು. 2024ರ ಜನವರಿಯ ಲೆಕ್ಕದ ಪ್ರಕಾರ ದೇಶದಲ್ಲಿ ಮೇಲ್ಮಟ್ಟದ ವಿಭಾಗ 17. ಸಿಯೋಲ್ ಒಂದು ವಿಶೇಷ ನಗರ. ಬುಸಾನ್, ಡೇಗು, ಇಂಚಾನ್, ಗ್ವಾಂಗ್‌ಜು, ಡೇಜಾನ್, ಉಲ್ಸಾನ್ ಈ ಆರು ಮಹಾನಗರಗಳು, ಇವಕ್ಕೆ ಪ್ರಾಂತ್ಯದಷ್ಟೇ ಸ್ಥಾನಮಾನ. ಸೇಜೋಂಗ್ 2012ರಲ್ಲಿ ಶುರುವಾದ ಸ್ವಾಯತ್ತ ನಗರ, ಸರ್ಕಾರದ ಬಹಳಷ್ಟು ಸಚಿವಾಲಯಗಳು ಇರೋದು ಅಲ್ಲೇ. ಉಳಿದವು ಪ್ರಾಂತ್ಯಗಳು, ಅಂದ್ರೆ "ಡೋ", ಅದರಲ್ಲಿ ಜೇಜು, ಗ್ಯಾಂಗ್ವಾನ್, ಜಾನ್‌ಬುಕ್ ಮೂರು ವಿಶೇಷ ಸ್ವಾಯತ್ತ ಪ್ರಾಂತ್ಯ. ಗ್ಯಾಂಗ್ವಾನ್‌ಗೆ ಆ ಪಟ್ಟ ಸಿಕ್ಕಿದ್ದು 2023ರ ಜೂನಲ್ಲಿ, ಜಾನ್‌ಬುಕ್‌ಗೆ 2024ರ ಜನವರಿಯಲ್ಲಿ, ಹಾಗಾಗಿ ಹಳೇ ಕಾಗದದಲ್ಲಿ "ಜೊಲ್ಲಾಬುಕ್-ಡೋ" ಅಂತಲೂ ಹೊಸದರಲ್ಲಿ "ಜಾನ್‌ಬುಕ್ ಸ್ಟೇಟ್" ಅಂತಲೂ ಇದ್ರೆ ಎರಡೂ ಒಂದೇ ಜಾಗ, ಗಾಬರಿ ಬೇಡ.

ಇಷ್ಟೆಲ್ಲಾ ವಿಭಾಗ ಇರೋ ಈ ದೇಶದ ವಿಸ್ತೀರ್ಣ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ.

ಮಹಾನಗರದ ಒಳಗಡೆ ಬರೋದು "ಗು", ನಮ್ಮ ಭಾಷೇಲಿ ಹೇಳೋದಾದ್ರೆ ನಗರದೊಳಗಿನ ಜಿಲ್ಲೆ. ಸಿಯೋಲ್‌ನಲ್ಲಿ 25 ಗು ಇವೆ. ಪ್ರಾಂತ್ಯದ ಒಳಗಡೆ "ಸಿ" ಅಂದ್ರೆ ಸಿಟಿ, "ಗುನ್" ಅಂದ್ರೆ ಗ್ರಾಮಾಂತರ ಜಿಲ್ಲೆ. ಸಿಟಿ ದೊಡ್ಡದಾಗಿದ್ರೆ ಅದರೊಳಗೆ ಮತ್ತೆ ಗು ಬರತ್ತೆ. ಬೆಂಗಳೂರಿನ ಇಂಜಿನಿಯರ್‌ಗಳು ಆಗಾಗ ಹೋಗಿಬರೋ ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್ ಮುಖ್ಯ ಕಚೇರಿಯ ಅಡ್ರೆಸ್ಸೇ ಇದಕ್ಕೆ ಒಳ್ಳೇ ಉದಾಹರಣೆ: 129, ಸ್ಯಾಮ್‌ಸಂಗ್-ರೋ, ಯೊಂಗ್‌ಟೊಂಗ್-ಗು, ಸುವೊನ್-ಸಿ, ಗ್ಯೊಂಗಿ-ಡೋ, 16677. ಪ್ರಾಂತ್ಯ, ಸಿಟಿ, ಸಿಟಿಯೊಳಗಿನ ಗು, ರೋಡು, ನಂಬರ್, ಎಲ್ಲಾ ಮೆಟ್ಟಿಲೂ ಇದರಲ್ಲಿದೆ.

ಗುನ್ ಒಳಗಡೆ "ಉಪ್" ಮತ್ತು "ಮ್ಯೊನ್" ಅಂತ ಬರತ್ತೆ, ಉಪ್ ಅಂದ್ರೆ ಸಣ್ಣ ಪಟ್ಟಣ, ಮ್ಯೊನ್ ಅಂದ್ರೆ ಒಂದಷ್ಟು ಹಳ್ಳಿ ಸೇರಿದ ಹೋಬಳಿ ಥರದ್ದು, ಅದರ ಕೆಳಗಿನ ಹಳ್ಳಿ "ರಿ". ಗುನ್ ಅಂದ್ರೆ ಬರೀ ಪ್ರಾಂತ್ಯದಲ್ಲೇ ಇರತ್ತೆ ಅಂದ್ಕೋಬೇಡಿ, ಮಹಾನಗರದೊಳಗೂ ಇರತ್ತೆ. ಉಲ್ಸಾನ್‌ನ ಯೂನಿಸ್ಟ್ ಯೂನಿವರ್ಸಿಟಿ ನೋಡಿ: 50, ಯೂನಿಸ್ಟ್-ಗಿಲ್, ಒನ್ಯಾಂಗ್-ಉಪ್, ಉಲ್ಜು-ಗುನ್, ಉಲ್ಸಾನ್, 44919. ಇಲ್ಲಿ ಉಪ್ ಹೆಸರನ್ನ ಬಿಡೋಹಾಗಿಲ್ಲ, ಅದು ಅಡ್ರೆಸ್ಸಿನ ಭಾಗ. ಸಿಟಿಯಲ್ಲಾದ್ರೆ ಏರಿಯಾ ಹೆಸರು ಅಂದ್ರೆ "ಡೋಂಗ್" ಅಡ್ರೆಸ್ಸಿನ ಭಾಗ ಅಲ್ಲ, ಕೊನೆಗೆ ಬ್ರಾಕೆಟ್ಟಲ್ಲಿ ಸುಮ್ಮನೆ ಗುರುತಿಗೆ ಹಾಕ್ತಾರೆ. ಸೇಜೋಂಗ್‌ನಲ್ಲಿ ಗು, ಗುನ್ ಎರಡೂ ಇಲ್ಲ, ನಗರದ ಹೆಸರಾದ್ಮೇಲೆ ನೇರ ರೋಡೇ ಬರತ್ತೆ, ಹಳ್ಳಿ ಕಡೆ ಆದ್ರೆ ಉಪ್ ಇಲ್ಲಾ ಮ್ಯೊನ್ ಬರತ್ತೆ. ಯಾವುದಾದ್ರೂ ಫಾರ್ಮಲ್ಲಿ ಡಿಸ್ಟ್ರಿಕ್ಟ್ ಕಡ್ಡಾಯ ಅಂತಿದ್ರೆ ಸೇಜೋಂಗ್ ಅಂತಲೇ ಇನ್ನೊಂದ್ಸಲ ಬರೀರಿ.

ಒಂದೇ ಹೆಸರಿನ ಜಾಗಗಳ ಬಗ್ಗೆ ಹುಷಾರು. ಜುಂಗ್-ಗು ಅನ್ನೋದು ಸಿಯೋಲ್, ಬುಸಾನ್, ಡೇಗು, ಡೇಜಾನ್, ಉಲ್ಸಾನ್ ಎಲ್ಲದರಲ್ಲೂ ಇದೆ. ಗ್ವಾಂಗ್‌ಜು ಅಂತ ದಕ್ಷಿಣದಲ್ಲಿ ಒಂದು ಮಹಾನಗರ ಇದ್ರೆ ಸಿಯೋಲ್ ಪಕ್ಕದ ಗ್ಯೊಂಗಿ ಪ್ರಾಂತ್ಯದಲ್ಲಿ ಇನ್ನೊಂದು ಗ್ವಾಂಗ್‌ಜು-ಸಿ ಇದೆ, ಗೊಸಾಂಗ್-ಗುನ್ ಕೂಡ ಎರಡು, ಒಂದು ಉತ್ತರದ ಗ್ಯಾಂಗ್ವಾನ್‌ನಲ್ಲಿ, ಇನ್ನೊಂದು ದಕ್ಷಿಣದ ಗ್ಯೊಂಗ್‌ಸಾಂಗ್‌ನಾಮ್‌ನಲ್ಲಿ. ಆದ್ದರಿಂದ ಮೇಲ್ಮಟ್ಟದ ಹೆಸರು ಯಾವತ್ತೂ ಬಿಡಬೇಡಿ.

ಎರಡನೇದು: ರೋಡ್ ಹೆಸರು ಮತ್ತು ನಂಬರ್ ಅರ್ಥ ಮಾಡ್ಕೊಳ್ಳಿ

ನನಗೆ ಇಡೀ ವ್ಯವಸ್ಥೆಯಲ್ಲಿ ತುಂಬಾ ಇಷ್ಟ ಆಗೋದು ಇದೇ. ಹಿಂದೆ ಅಲ್ಲೂ ನಮ್ಮ ಸರ್ವೆ ನಂಬರ್ ಥರ ಜಮೀನಿನ ನಂಬರ್ ಮೇಲೇ ಅಡ್ರೆಸ್ ಇತ್ತು, ಜಪಾನಿನ ಆಡಳಿತದ ಕಾಲದಲ್ಲಿ 1910ರಿಂದ 1918ರವರೆಗೆ ನಡೆದ ಭೂಮಾಪನದಲ್ಲಿ ಬಂದಿದ್ದು. ಜಮೀನು ಭಾಗ ಆದ ಹಾಗೆ 12ರ ಪಕ್ಕ 12-1, 12-2 ಅಂತ ಒಡೀತಾ ಹೋಗಿ ಒಂದು ನಂಬರಿನ ಪಕ್ಕದ ಮನೆಗೆ ಎಲ್ಲೋ ಇರೋ ನಂಬರ್, ಹುಡುಕೋರಿಗೆ ಸಾಕಪ್ಪಾ ಅನ್ನೋ ಸ್ಥಿತಿ. ಅದಕ್ಕೇ ರೋಡ್ ಹೆಸರಿನ ಅಡ್ರೆಸ್ ತಂದ್ರು, 2011ರ ಜುಲೈನಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ಬಂತು, ಹಳೇದು ಹೊಸದು ಎರಡೂ ಸ್ವಲ್ಪ ದಿನ ನಡೆದು 2014ರ ಜನವರಿ 1ರಿಂದ ಸರ್ಕಾರಿ ಕೆಲಸಕ್ಕೆಲ್ಲಾ ಹೊಸದೇ ಖಾಯಂ. ಹಳೇ ಅಡ್ರೆಸ್ಸಿಗೆ "ಜಿಬಾನ್" ಅಂತಾರೆ, ಮನೆ ಬಾಡಿಗೆ ಕಾಂಟ್ರಾಕ್ಟಲ್ಲಿ, ವಯಸ್ಸಾದವರ ಬಾಯಲ್ಲಿ ಈಗಲೂ ಅದು ಇದೆ.

ರೋಡ್ ಹೆಸರಿನ ಬಾಲ ನೋಡಿದ್ರೆ ರೋಡ್ ಎಷ್ಟು ಅಗಲ ಅಂತ ಗೊತ್ತಾಗತ್ತೆ. "ಡೇರೋ" ಅಂದ್ರೆ ಎಂಟು ಲೇನ್ ಅಥವಾ ಅದಕ್ಕಿಂತ ದೊಡ್ಡದು, "ರೋ" ಅಂದ್ರೆ ಎರಡರಿಂದ ಏಳು ಲೇನ್, ಅದಕ್ಕಿಂತ ಚಿಕ್ಕದು "ಗಿಲ್", ನಮ್ಮ ಕ್ರಾಸ್ ರೋಡ್ ಇದ್ದಹಾಗೆ. ಗಿಲ್‌ಗೆ ಸಾಮಾನ್ಯವಾಗಿ ಯಾವ ದೊಡ್ಡ ರೋಡಿನಿಂದ ಒಡೆದಿದ್ಯೋ ಅದರ ಹೆಸರು ಪ್ಲಸ್ ಒಂದು ನಂಬರ್ ಇರತ್ತೆ. ಈ ನಂಬರ್ ರೋಡ್ ಹೆಸರಿನ ಭಾಗ, ಬಿಲ್ಡಿಂಗ್ ನಂಬರ್ ಬೇರೆ. ಅಂದ್ರೆ "ಇಂಥಾ-ರೋ 14-ಗಿಲ್ 9" ಅಂತಿದ್ರೆ 14-ಗಿಲ್ ಅನ್ನೋದು ಬೀದಿ, 9 ಅನ್ನೋದು ಬಿಲ್ಡಿಂಗ್. 14 ಬಿಟ್ಟು ಬರೆದ್ರೆ ಪಾರ್ಸೆಲ್ ಮೇನ್ ರೋಡಿನ 9ನೇ ನಂಬರಿಗೆ ಹೋಗತ್ತೆ. ಇಂಗ್ಲಿಷಿಗೆ ಬರೆಯೋವಾಗ ನಮ್ಮೋರು ಜಾಸ್ತಿ ಎಡವೋ ಜಾಗ ಇದು.

ಇನ್ನು ಬಿಲ್ಡಿಂಗ್ ನಂಬರ್. ರೋಡು ಪಶ್ಚಿಮದಿಂದ ಪೂರ್ವಕ್ಕೆ ಅಥವಾ ದಕ್ಷಿಣದಿಂದ ಉತ್ತರಕ್ಕೆ ಹೋಗತ್ತೆ ಅಂತ ಲೆಕ್ಕ, ಶುರುವಾಗೋ ಕಡೆಯಿಂದ ಪ್ರತಿ 20 ಮೀಟರಿಗೆ ಎಡಗಡೆ ಒಂದು ಬೆಸ ಸಂಖ್ಯೆ, ಬಲಗಡೆ ಒಂದು ಸಮ ಸಂಖ್ಯೆ. ಹಾಗಾಗಿ ನಂಬರನ್ನ ಹತ್ತರಿಂದ ಗುಣಿಸಿದ್ರೆ ರೋಡಿನ ಶುರುವಿಂದ ಸುಮಾರು ಎಷ್ಟು ಮೀಟರ್ ಅಂತ ಸಿಗತ್ತೆ! ಸೇಜೋಂಗ್-ಡೇರೋ ಮೇಲೇ ನೋಡಿ, ಸಿಯೋಲ್ ರೈಲ್ವೆ ಸ್ಟೇಷನ್ ಹತ್ರ ಶುರುವಾಗಿ ಉತ್ತರಕ್ಕೆ ಗ್ವಾಂಗ್‌ಹ್ವಾಮುನ್ ಬಾಗಿಲ ತನಕ ಹೋಗತ್ತೆ. ಡೊಕ್ಸುಗುಂಗ್ ಅರಮನೆ ನಂಬರ್ 99, ಬೆಸ, ಅಂದ್ರೆ ಎಡಗಡೆ, ಸುಮಾರು ಒಂದು ಕಿಲೋಮೀಟರ್. ಸಿಟಿ ಹಾಲ್ 110, ಸಮ, ಬಲಗಡೆ, ಅರಮನೆಯ ಹೆಚ್ಚುಕಮ್ಮಿ ಎದುರಿಗೇ. ಇನ್ನೂ ಮುಂದೆ ನಡೆದ್ರೆ ಎಡಗಡೆ ಸೇಜೋಂಗ್ ಸೆಂಟರ್ ರಂಗಮಂದಿರ, ನಂಬರ್ 175. ಮ್ಯಾಪ್ ಇಲ್ದೇನೂ ಕೈಯಲ್ಲಿ ಬರೀ ಅಡ್ರೆಸ್ ಹಿಡ್ಕೊಂಡು "ಇನ್ನೂ ಆರುನೂರು ಮೀಟರ್ ಇದೆ, ಎಡಗಡೆ ಇರತ್ತೆ" ಅಂತ ಹೇಳ್ಬಹುದು. ಎಲ್ಲಾ ರೋಡಲ್ಲೂ ಇಷ್ಟು ನಿಖರ ಬರಲ್ಲ, ಆದ್ರೂ ಯಾವ ಕಡೆ, ಮುಂದೆ ಹೋಗ್ಬೇಕಾ ಹಿಂದೆ ಹೋಗ್ಬೇಕಾ ಅನ್ನೋದಂತೂ ನಂಬರ್ ನೋಡಿದ್ರೆ ಗೊತ್ತಾಗತ್ತೆ.

ರೋಡಿನ ಬೋರ್ಡಲ್ಲೂ ಇದೇ ಲೆಕ್ಕ. ಗಾಂಗ್‌ನಾಮ್-ಡೇರೋ ಹೆಸರಿನ ಕೆಳಗೆ 1, ಬಾಣದ ಗುರುತು, 699 ಅಂತಿದ್ರೆ ನೀವು ನಿಂತಿರೋದು ರೋಡ್ ಶುರುವಾಗೋ ಕಡೆ, ರೋಡಿನ ಉದ್ದ ಸುಮಾರು 6.99 ಕಿಲೋಮೀಟರ್ ಅಂತ ಅರ್ಥ. ಕೆಲವು ಊರಲ್ಲಿ ಗಿಲ್ ಬದಲು "ಬೊನ್-ಗಿಲ್" ಅಂತಿರತ್ತೆ, ಅಲ್ಲಿ ಬೀದಿ ನಂಬರನ್ನೂ ಹತ್ತರಿಂದ ಗುಣಿಸ್ಬಹುದು, 120-ಬೊನ್-ಗಿಲ್ ಅಂದ್ರೆ ಮೇನ್ ರೋಡಲ್ಲಿ ಸುಮಾರು 1200 ಮೀಟರ್ ಹೋದ್ಮೇಲೆ ಬಲಕ್ಕೆ ತಿರುಗೋ ಬೀದಿ. ಬರೀ "14-ಗಿಲ್" ಅಂತಿದ್ರೆ ಅದು ಸಾಲು ಸಂಖ್ಯೆ ಅಷ್ಟೆ, ಗುಣಿಸೋಕೆ ಹೋಗ್ಬೇಡಿ. ಸಿಯೋಲ್‌ನಲ್ಲಿ ಈ ಸಾಲು ಸಂಖ್ಯೆಯದ್ದೇ ಜಾಸ್ತಿ.

ಮೂರನೇದು: ಮನೆ ನಂಬರ್, ಇದನ್ನ ಮರೀಲೇಬೇಡಿ

ರೋಡು ಬಿಲ್ಡಿಂಗ್ ಆದ್ಮೇಲೆ ಬರೋದು "ಹೋ", ಅಂದ್ರೆ ಮನೆ ಅಥವಾ ರೂಮ್ ನಂಬರ್. 302-ಹೋ ಅಂದ್ರೆ ಮೂರನೇ ಫ್ಲೋರಿನ ಎರಡನೇ ಮನೆ, ಅಲ್ಲಿ ನೆಲಮಹಡಿಯನ್ನೇ ಒಂದನೇ ಫ್ಲೋರ್ ಅಂತ ಎಣಿಸ್ತಾರೆ ಅನ್ನೋದು ನೆನಪಿರ್ಲಿ. ದೊಡ್ಡ ಅಪಾರ್ಟ್‌ಮೆಂಟ್ ಆದ್ರೆ ಅದಕ್ಕೂ ಮುಂಚೆ ಬ್ಲಾಕ್ ನಂಬರ್ ಬರತ್ತೆ, 101-ಡೋಂಗ್ 1203-ಹೋ ಅಂತ. ಈ ಡೋಂಗ್ ಬ್ಲಾಕು, ಮೇಲೆ ಹೇಳಿದ ಡೋಂಗ್ ಏರಿಯಾ, ಬರೆಯೋದು ಎರಡನ್ನೂ ಒಂದೇ ಥರ. ಮುಂದೆ ನಂಬರ್ ಇದ್ದು ಪಕ್ಕದಲ್ಲಿ ಹೋ ಇದ್ರೆ ಅದು ಬ್ಲಾಕ್ ಅಂತ ತಿಳ್ಕೊಳ್ಳಿ.

ಸ್ಟೂಡೆಂಟ್ಸ್ ಜಾಸ್ತಿ ಇರೋದು ಒಂದೇ ಕೋಣೆಯ ಮನೆಗಳಿರೋ ಒನ್‌ರೂಮ್ ಬಿಲ್ಡಿಂಗ್‌ಗಳಲ್ಲಿ. ಇವುಗಳಲ್ಲಿ ಬಹಳಷ್ಟು ಇಡೀ ಬಿಲ್ಡಿಂಗ್ ಒಬ್ಬನೇ ಓನರ್ ಹೆಸರಲ್ಲಿರತ್ತೆ, ಬಾಗಿಲ ಮೇಲೆ 203 ಅಂತ ಅಂಟಿಸಿದ್ರೂ ಸರ್ಕಾರಿ ದಾಖಲೆಯಲ್ಲಿ ಆ ರೂಮ್ ನಂಬರೇ ಇರಲ್ಲ. ಆಗ ಸರ್ಕಾರದ ಪತ್ರಗಳು ಬಿಲ್ಡಿಂಗ್ ನಂಬರಿಗಷ್ಟೇ ಬಂದು ಕೆಳಗಿನ ಬಾಕ್ಸಲ್ಲಿ ಬಿದ್ದಿರತ್ತೆ. ಇದಕ್ಕೆ ದಾರಿ ಇದೆ, ಸಿಟಿ ಅಥವಾ ಗು ಆಫೀಸಲ್ಲಿ "ಸಾಂಗ್‌ಸೆಜುಸೊ" ಅಂದ್ರೆ ವಿವರ ವಿಳಾಸ ಕೊಡಿ ಅಂತ ಅರ್ಜಿ ಹಾಕ್ಬಹುದು, ಓನರ್ ಮಾತ್ರ ಅಲ್ಲ ಬಾಡಿಗೆಗೆ ಇರೋರೂ ಹಾಕ್ಬಹುದು. ಇದು ಹೊಸಬರಿಗೆ ಯಾರೂ ಹೇಳಲ್ಲ, ಆದ್ರೆ ಇಮಿಗ್ರೇಷನ್ ಪತ್ರ ಕೈಗೆ ಸಿಗದೆ ಒದ್ದಾಡೋದಕ್ಕಿಂತ ಒಂದು ಅರ್ಜಿ ಎಷ್ಟೋ ವಾಸಿ. ಅಲ್ಲೀತನಕ ಪಾರ್ಸೆಲ್‌ಗೆ ಬಾಗಿಲ ಮೇಲಿನ ನಂಬರ್ ಧಾರಾಳವಾಗಿ ಬರೀರಿ, ಡೆಲಿವರಿಯವರು ನೋಡೋದು ಅದನ್ನೇ.

ನಾಲ್ಕನೇದು: ಐದು ಅಂಕಿ ಕೋಡ್

ಕೊರಿಯಾದಲ್ಲಿ ಪೋಸ್ಟಲ್ ಕೋಡ್ ಶುರುವಾಗಿದ್ದು 1970ರಲ್ಲಿ, ನಮ್ಮ ಪಿನ್‌ಗಿಂತ ಎರಡು ವರ್ಷ ಮುಂಚೆ. 1988ರಲ್ಲಿ ಆರು ಅಂಕಿ ಆಯ್ತು, 2015ರ ಆಗಸ್ಟ್ 1ರಿಂದ ಈಗಿನ ಐದು ಅಂಕಿ ಬಂತು. ನಿಮ್ಮ ಹತ್ರ ಇರೋ ಕೋಡ್ 135-080 ಥರ ಮಧ್ಯ ಅಡ್ಡಗೆರೆ ಇರೋ ಆರು ಅಂಕಿ ಆಗಿದ್ರೆ ಅದು ಹಳೇದು, ತೆಗೆದುಹಾಕಿ. ಇಂಟರ್ನೆಟ್ಟಲ್ಲಿ ಹಳೇ ಪಟ್ಟಿಗಳು ಈಗಲೂ ಓಡಾಡ್ತಿವೆ, ಅದರಿಂದ ಕಾಪಿ ಮಾಡ್ಬೇಡಿ.

ನಮ್ಮ ಪಿನ್ ಒಂದು ಪೋಸ್ಟ್ ಆಫೀಸಿನ ವ್ಯಾಪ್ತಿಗೆ ಸಿಗೋದು. ಅಲ್ಲಿನ ಕೋಡ್ ಹಾಗಲ್ಲ, ರೋಡು, ಹೊಳೆ, ರೈಲ್ವೆ ಲೈನ್ ಗಡಿ ಮಾಡ್ಕೊಂಡು ದೇಶವನ್ನ ಸುಮಾರು 34 ಸಾವಿರ ತುಂಡು ಮಾಡಿ ಪ್ರತಿ ತುಂಡಿಗೆ ಒಂದು ನಂಬರ್ ಕೊಟ್ಟಿದ್ದಾರೆ, ಪೋಸ್ಟಿಗೆ ಮಾತ್ರ ಅಲ್ಲ, ಪೊಲೀಸ್, ಫೈರ್, ಅಂಕಿಅಂಶ ಇಲಾಖೆಯ ಗಡಿಗಳಿಗೂ ಅದೇ ಆಧಾರ. ಆದ್ದರಿಂದ ಎರಡು ಬೀದಿ ಆಚೆ ಇರೋ ಫ್ರೆಂಡ್ ಕೋಡ್ ನಿಮ್ಮದಕ್ಕೆ ಹೊಂದತ್ತೆ ಅಂತ ಹಾಕ್ಬೇಡಿ, ಬೇರೆ ಆಗಿರೋ ಸಾಧ್ಯತೆ ಜಾಸ್ತಿ.

ಮೊದಲ ಎರಡು ಅಂಕಿ ನೋಡಿದ್ರೆ ಪ್ರಾಂತ್ಯ ಗೊತ್ತಾಗತ್ತೆ, ಮೂರು ನೋಡಿದ್ರೆ ಸಿಟಿ, ಗುನ್ ಅಥವಾ ಗು. 01ರಿಂದ 09 ಸಿಯೋಲ್, 10ರಿಂದ 20 ಗ್ಯೊಂಗಿ, 21ರಿಂದ 23 ಇಂಚಾನ್, 30 ಸೇಜೋಂಗ್, 34 ಮತ್ತು 35 ಡೇಜಾನ್, 41ರಿಂದ 43 ಡೇಗು, 46ರಿಂದ 49 ಬುಸಾನ್, ಕೊನೆಗೆ 63 ಜೇಜು ದ್ವೀಪ. ಉತ್ತರದಿಂದ ದಕ್ಷಿಣಕ್ಕೆ ಇಳೀತಾ ಹೋಗತ್ತೆ ಅಂತ ಸ್ಥೂಲವಾಗಿ ನೆನಪಿಟ್ಕೊಂಡ್ರೆ ಸಾಕು. ಡೇಜಾನ್‌ನ ಕೈಸ್ಟ್ ಯೂನಿವರ್ಸಿಟಿ ಕೋಡ್ 34141, ಸಿಯೋಲ್ ನ್ಯಾಷನಲ್ ಯೂನಿವರ್ಸಿಟಿ 08826, ಪೊಹಾಂಗ್‌ನ ಪೋಸ್ಟೆಕ್ ಯೂನಿವರ್ಸಿಟಿ 37673. ಡೇಜಾನ್ ಅಡ್ರೆಸ್ಸಿಗೆ 06ರಿಂದ ಶುರುವಾಗೋ ಕೋಡ್ ಕಂಡ್ರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ.

ಕೋಡ್ ಹುಡುಕೋಕೆ ಕೊರಿಯಾ ಪೋಸ್ಟ್ ವೆಬ್‌ಸೈಟ್ ಇದೆ, ಸರ್ಕಾರದ ರೋಡ್-ನೇಮ್ ಅಡ್ರೆಸ್ ಸೈಟ್ ಜುಸೊ ಡಾಟ್ ಜಿಒ ಡಾಟ್ ಕೆಆರ್ ಇದೆ. ನಾನು ಎರಡನೇದನ್ನೇ ಹೇಳ್ತೀನಿ, ಯಾಕಂದ್ರೆ ಹಂಗುಲ್‌ನಲ್ಲಿ ರೋಡ್ ಹೆಸರು ಮತ್ತು ಬಿಲ್ಡಿಂಗ್ ನಂಬರ್ ಹಾಕಿದ್ರೆ ಹೊಸ ಅಡ್ರೆಸ್, ಹಳೇ ಜಿಬಾನ್ ಅಡ್ರೆಸ್, ಕೋಡ್ ಜೊತೆಗೆ ಇಂಗ್ಲಿಷ್ ಅಡ್ರೆಸ್ಸೂ ಸಿಗತ್ತೆ. ಆ ಇಂಗ್ಲಿಷನ್ನೇ ಅಕ್ಷರ ಬಿಡದೆ ಕಾಪಿ ಮಾಡ್ಕೊಳ್ಳಿ. ನಾವೇ ಕಿವಿಗೆ ಕೇಳಿದ ಹಾಗೆ ಇಂಗ್ಲಿಷಲ್ಲಿ ಬರೆಯೋಕೆ ಹೋದ್ರೆ ಒಬ್ಬೊಬ್ಬರದ್ದು ಒಂದೊಂದು ಸ್ಪೆಲ್ಲಿಂಗ್ ಆಗತ್ತೆ.

ಸಿಯೋಲ್ ಕೋಡ್ ಎಲ್ಲಾ ಸೊನ್ನೆಯಿಂದ ಶುರುವಾಗೋದ್ರಿಂದ ಇನ್ನೊಂದು ತೊಂದರೆ. ಎಕ್ಸೆಲ್‌ನಲ್ಲಿ 04524 ಹೊಡೆದ್ರೆ 4524 ಆಗ್ಬಿಡತ್ತೆ, ಆ ಕಾಲಮ್ಮನ್ನ ಮೊದಲೇ ಟೆಕ್ಸ್ಟ್ ಮಾಡ್ಕೊಳ್ಳಿ. ನಮ್ಮ ಕಡೆಯ ಕೆಲವು ಫಾರ್ಮ್‌ಗಳು ಆರು ಅಂಕಿ ಇಲ್ದೆ ಮುಂದಕ್ಕೇ ಹೋಗಲ್ಲ, ಅಂಥ ಕಡೆ ಮೊದಲು ದೇಶ ಬದಲಾಯಿಸಿ ನೋಡಿ, ಆಗ್ಲೂ ಆಗ್ಲಿಲ್ಲ ಅಂದ್ರೆ ಕಸ್ಟಮರ್ ಕೇರ್‌ಗೆ ಹೇಳಿ, ಸುಮ್ಮನೆ ಒಂದು ಸೊನ್ನೆ ಸೇರಿಸಿ ತುಂಬಿಸ್ಬೇಡಿ. ಏನೇ ಆದ್ರೂ ಸರಿಯಾದ ಐದು ಅಂಕಿ ಕೋಡನ್ನ ಅಡ್ರೆಸ್ ಲೈನಲ್ಲಿ ಊರಿನ ಹೆಸರಿನ ಪಕ್ಕ ಇನ್ನೊಂದ್ಸಲ ಬರೆದುಬಿಡಿ.

ಅಲ್ಲಿದ್ದು ಆರ್ಡರ್ ಮಾಡೋವಾಗ

ಕೊರಿಯನ್ ಶಾಪಿಂಗ್ ಆಪ್‌ಗಳಲ್ಲಿ ಅಡ್ರೆಸ್ ಪೂರ್ತಿ ಟೈಪ್ ಮಾಡೋಕೆ ಬಿಡಲ್ಲ. ಅಡ್ರೆಸ್ ಹುಡುಕಿ ಅನ್ನೋ ಬಟನ್ ಒತ್ತಿದ್ರೆ ಒಂದು ಬಾಕ್ಸ್ ಬರತ್ತೆ, ರೋಡ್ ಹೆಸರು ನಂಬರ್ ಹಾಕಿ ಲಿಸ್ಟಲ್ಲಿ ನಿಮ್ಮದನ್ನ ಒತ್ತಿದ್ರೆ ಕೋಡ್ ಸಮೇತ ತಾನೇ ತುಂಬ್ಕೊಳ್ಳತ್ತೆ, ನೀವು ಬರೆಯೋದು ಕೊನೇ ಖಾನೆಯಲ್ಲಿ ಹೋ ನಂಬರ್ ಮಾತ್ರ. ಅದರ ಜೊತೆ ಬಿಲ್ಡಿಂಗ್ ಮೇನ್ ಡೋರ್ ಪಾಸ್‌ವರ್ಡ್ ಕೇಳ್ತಾರೆ, ಅದನ್ನ ಕೊಡ್ಲಿಲ್ಲ ಅಂದ್ರೆ ಡೆಲಿವರಿಯವನು ಒಳಗೆ ಬರೋಕಾಗಲ್ಲ. ಜಾಗ ಹುಡುಕೋಕೆ ನೇವರ್ ಮ್ಯಾಪ್ ಇಲ್ಲಾ ಕಕಾವೊ ಮ್ಯಾಪ್ ಹಾಕ್ಕೊಳ್ಳಿ, ಅಲ್ಲಿನೋರು ಬಳಸೋದು ಅವನ್ನೇ.

ಮನೆ ಬದಲಾಯಿಸಿದ್ರೆ 15 ದಿನದೊಳಗೆ ಇಮಿಗ್ರೇಷನ್ ಆಫೀಸಲ್ಲೋ ಏರಿಯಾದ ಸರ್ಕಾರಿ ಆಫೀಸಲ್ಲೋ ಹೊಸ ಅಡ್ರೆಸ್ ತಿಳಿಸಿ ರೆಸಿಡೆನ್ಸ್ ಕಾರ್ಡ್ ಅಪ್ಡೇಟ್ ಮಾಡಿಸ್ಕೊಳ್ಳಿ, ಮರೆತ್ರೆ ದಂಡ ಬೀಳತ್ತೆ. ಇಲ್ಲೊಂದು ಸೂಕ್ಷ್ಮ ಇದೆ, ಏರಿಯಾ ಹೆಸರು ಒಂದಿದ್ರೂ ಆಫೀಸ್ ಎರಡಿರಬಹುದು, ಉದಾಹರಣೆಗೆ ಯೊಕ್‌ಸಾಮ್-ಡೋಂಗ್ ಅಂತ ಅಡ್ರೆಸ್ಸಲ್ಲಿ ಇರೋದನ್ನ ಆಡಳಿತಕ್ಕೆ ಯೊಕ್‌ಸಾಮ್ 1-ಡೋಂಗ್, 2-ಡೋಂಗ್ ಅಂತ ಭಾಗ ಮಾಡಿದ್ದಾರೆ, ನಿಮ್ಮ ಬಿಲ್ಡಿಂಗ್ ಯಾವುದಕ್ಕೆ ಸೇರತ್ತೆ ಅಂತ ಮ್ಯಾಪಲ್ಲಿ ನೋಡ್ಕೊಂಡು ಹೊರಡಿ.

ಆಂಬುಲೆನ್ಸ್ ಅಥವಾ ಫೈರ್‌ಗೆ 119, ಪೊಲೀಸ್‌ಗೆ 112. ಫೋನ್ ಮಾಡಿದಾಗ ಹತ್ತಿರದ ಬಿಲ್ಡಿಂಗ್ ಗೋಡೆ ಮೇಲಿನ ನೀಲಿ ಫಲಕದಲ್ಲಿರೋ ರೋಡ್ ಹೆಸರು ಮತ್ತು ನಂಬರ್ ಓದಿ ಹೇಳಿ. ಬೆಟ್ಟ ಹತ್ತೋಕೆ ಹೋದಾಗ ಬಿಲ್ಡಿಂಗ್ ಇರಲ್ಲ, ಅಲ್ಲಿ ದಾರಿ ಪಕ್ಕ ಹಳದಿ ಫಲಕ ಇರತ್ತೆ, ಎರಡು ಹಂಗುಲ್ ಅಕ್ಷರ ಎಂಟು ಅಂಕಿ, ದೇಶವನ್ನ 10 ಮೀಟರ್ ಚೌಕಗಳಾಗಿ ಮಾಡಿದ ಗುರುತು ಅದು. ದಾಟಿ ಹೋಗೋ ಪ್ರತಿ ಫಲಕದ ಫೋಟೋ ತಗೊಂಡಿರಿ.

ಊರಿಂದ ಪಾರ್ಸೆಲ್ ಕಳಿಸೋರಿಗೆ

ಅಪ್ಪ ಅಮ್ಮನಿಗೆ ಅಡ್ರೆಸ್ಸನ್ನ ಮೆಸೇಜಲ್ಲಿ ಟೈಪ್ ಮಾಡಿ ಕಳಿಸಿದ್ರೆ ಅವರು ಕೈಯಲ್ಲಿ ಬರೆಯೋವಾಗ ಒಂದು ಅಂಕಿ ಹೆಚ್ಚುಕಮ್ಮಿ ಆಗತ್ತೆ. ಅದಕ್ಕೆ ಹೀಗೆ ಮಾಡಿ: ಒಂದು ಹಾಳೆಯಲ್ಲಿ ಮೇಲೆ ಹಂಗುಲ್ ಅಡ್ರೆಸ್, ಕೆಳಗೆ ಇಂಗ್ಲಿಷ್ ಅಡ್ರೆಸ್, ಎರಡನ್ನೂ ದೊಡ್ಡ ಅಕ್ಷರದಲ್ಲಿ ಹಾಕಿ ಪಿಡಿಎಫ್ ಕಳಿಸಿ, ಪ್ರಿಂಟ್ ತೆಗೆಸಿ ಬಾಕ್ಸಿಗೆ ಅಂಟಿಸ್ಲಿ. ಪೋಸ್ಟ್ ಆಫೀಸ್ ಕೌಂಟರಲ್ಲಿ ಇಂಗ್ಲಿಷ್ ಬೇಕು, ಅಲ್ಲಿ ಮನೆ ಬಾಗಿಲಿಗೆ ತರೋನಿಗೆ ಹಂಗುಲ್ ಇದ್ರೆ ಸಲೀಸು. ದೇಶದ ಹೆಸರು ಬರೀ ಕೊರಿಯಾ ಅಂತ ಬಿಡದೆ ಸೌತ್ ಕೊರಿಯಾ ಅಥವಾ ರಿಪಬ್ಲಿಕ್ ಆಫ್ ಕೊರಿಯಾ ಅಂತ ಪೂರ್ತಿ ಬರೆಸಿ.

ಹೆಸರು ಪಾಸ್‌ಪೋರ್ಟಲ್ಲಿ ಇದ್ದಹಾಗೇ ಇರ್ಲಿ. ನಮ್ಮಲ್ಲಿ ಇನಿಷಿಯಲ್ಸ್ ಇಟ್ಕೊಂಡಿರೋರು ಜಾಸ್ತಿ, ಮನೇಲಿ ಕರೆಯೋ ಹೆಸರು ಬೇರೆ, ಕಾರ್ಡಲ್ಲಿ ಇನಿಷಿಯಲ್ಸ್ ಬಿಡಿಸಿ ಅಪ್ಪನ ಹೆಸರು ಊರ ಹೆಸರು ಎಲ್ಲಾ ಬಂದಿರತ್ತೆ, ಐಡಿ ಕೇಳಿದಾಗ ಹೊಂದದೆ ಇದ್ರೆ ಪಾರ್ಸೆಲ್ ಬಿಡಿಸ್ಕೊಳ್ಳೋದು ಕಷ್ಟ. ಕೊರಿಯಾ ಮೊಬೈಲ್ ನಂಬರ್ ಕಡ್ಡಾಯ ಹಾಕಿ, ಅಲ್ಲಿ 010 ಅಂತ ಶುರುವಾಗೋದನ್ನ ಇಲ್ಲಿ ಪ್ಲಸ್ 82, ಆಮೇಲೆ ಮೊದಲ ಸೊನ್ನೆ ಬಿಟ್ಟು 10 ಅಂತ ಬರೀಬೇಕು. ಕಸ್ಟಮ್ಸ್‌ನೋರು ಪರ್ಸನಲ್ ಕ್ಲಿಯರೆನ್ಸ್ ಕೋಡ್ ಕೇಳಬಹುದು, ಪಿ ಅಕ್ಷರದಿಂದ ಶುರುವಾಗೋ 13 ಅಕ್ಷರದ ಕೋಡ್ ಅದು, ಕೊರಿಯಾ ಕಸ್ಟಮ್ಸ್ ಸೈಟಲ್ಲಿ ಸಿಗತ್ತೆ. ರೆಸಿಡೆನ್ಸ್ ಕಾರ್ಡ್ ಮತ್ತು ನಿಮ್ಮ ಹೆಸರಲ್ಲಿ ಫೋನ್ ನಂಬರ್ ಬಂದ ಕೂಡ್ಲೇ ಮಾಡಿಸಿಟ್ಕೊಂಡು ಅದೇ ಹಾಳೆಯಲ್ಲಿ ಫೋನ್ ನಂಬರಿನ ಕೆಳಗೆ ಸೇರಿಸಿ, ಅದರಲ್ಲಿರೋ ಹೆಸರು ಮತ್ತು ಫೋನ್ ಬಾಕ್ಸ್ ಮೇಲಿನದಕ್ಕೆ ತಾಳೆ ಆಗ್ತಿದ್ಯಾ ಅಂತ ನೋಡ್ಕೊಂಡೇ ಅಮ್ಮನಿಗೆ ಪಿಡಿಎಫ್ ಕಳಿಸಿ.